ಬೋಪಣ್ಣ ಬಿಟ್ಟ ಜಾಗ ಯಾರಿಗೆ? ಟೆನಿಸ್‌ನಲ್ಲಿ ಬದಲಾದ ಪೀಳಿಗೆ
ಪೀರನವಾಡಿ: ಟಿವಿಯಲ್ಲಿ ಟೆನಿಸ್ ಹಚ್ಚಿದ್ರೆ ಈಗ ಹಳೇ ಹೆಸರು ಕಾಣೋದು ಕಡಿಮೆ. ರೋಜರ್ ಫೆಡರರ್ 2022ರಲ್ಲಿ, ರಫೆಲ್ ನಡಾಲ್ ಮತ್ತು ಆಂಡಿ ಮರ್ರೆ 2024ರಲ್ಲಿ ನಿವೃತ್ತರಾದರು. ಫೆಡರರ್ 20, ನಡಾಲ್ 22, ಜೊಕೊವಿಚ್ 24 ಅಂತ ಮೂವರೇ ಸೇರಿ 66 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರು. ಆದರೆ 2024 ಮತ್ತು 2025ರ ಎಂಟೂ ಪ್ರಶಸ್ತಿಗಳನ್ನು ಇಟಲಿಯ ಯಾನಿಕ್ ಸಿನ್ನರ್, ಸ್ಪೇನ್‌ನ ಕಾರ್ಲೋಸ್ ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡರು.

ನಮ್ಮ ರಾಜ್ಯದಲ್ಲೂ ಒಂದು ಜಾಗ ಖಾಲಿ ಆಗಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂ. 1 ಆದರು. 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು.

ಮುಂದೆ ಯಾರು? ಮೈಸೂರಿನ ಎಸ್.ಡಿ. ಪ್ರಜ್ವಲ್ ದೇವ್ ಅವರಂಥವರು ಮೇಲೆ ಬರೋಕೆ ಕಷ್ಟಪಡ್ತಾ ಇದ್ದಾರೆ. ಹೊಸಬರು ಮೊದಲು ಐಟಿಎಫ್ ಟೂರ್ನಿಯಲ್ಲಿ ಪಾಯಿಂಟ್ ಗಳಿಸಬೇಕು, ಆಮೇಲೆ ಚಾಲೆಂಜರ್, ಅದಾದ ಮೇಲೆ ಎಟಿಪಿ ಟೂರ್ನಿ. ಅಂಥ ಐಟಿಎಫ್ ಟೂರ್ನಿ 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲೇ ನಡೆದಿತ್ತು. ರಾಮ್‌ಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದಿದ್ದರು. ಪೀರನವಾಡಿಯಿಂದ ಅದು ಎರಡು ತಾಸಿನ ಹಾದಿ. ಮಕ್ಕಳನ್ನು ಟೆನಿಸ್‌ಗೆ ಹಚ್ಚಬೇಕು ಅನ್ನೋರು ಮೊದಲ ಮೆಟ್ಟಿಲು ನೋಡೋಕೆ ಮೆಲ್ಬರ್ನ್‌ವರೆಗೆ ಹೋಗಬೇಕಾಗಿಲ್ಲ.