ಹತ್ತು ಮಂದಿಯ ಖೋಲಿಗೆ ಫುಟ್‌ಬಾಲ್ ಬಂದ ಬಗೆ

ಮುಂಬೈಯಲ್ಲಿ 'ಮನೆ' ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. "ಮನೆ ಎಲ್ಲಿ ಮಾಡಿದ್ದೀರಿ?" ಅಂತ ಊರಿನವರು ಕೇಳಿದರೆ ನಮ್ಮವರು ಕುರ್ಲಾ, ಭಾಂಡುಪ್, ಡೊಂಬಿವಲಿ ಎಂದು ಸ್ಟೇಷನ್ನಿನ ಹೆಸರು ಹೇಳಿ ಮಾತು ಮುಗಿಸುತ್ತಾರೆ. ಹತ್ತಡಿ ಅಗಲದ ಖೋಲಿ, ಅದರಲ್ಲಿ ಎಂಟೋ ಹತ್ತೋ ಮಂದಿ, ಅರ್ಧ ಜನ ಹಗಲು ಪಾಳಿ, ಅರ್ಧ ಜನ ರಾತ್ರಿ ಪಾಳಿ. ಇದನ್ನೆಲ್ಲ ಫೋನಿನಲ್ಲಿ ವಿವರಿಸಲಿಕ್ಕಾಗುತ್ತದೆಯೆ? ಹೋಟೆಲಿನ ಹುಡುಗರಿಗಂತೂ ಬಹಳ ವರ್ಷ ಹೋಟೆಲೇ ಮನೆ; ರಾತ್ರಿ ಮೇಜು ಬದಿಗೆ ಸರಿಸಿದರೆ ಅಲ್ಲೇ ಹಾಸಿಗೆ. ಟಿ.ವಿ. ಕಂಪನಿಗಳು ಪ್ರಸಾರದ ಹಕ್ಕು ಕೊಂಡು, ಒಂದು ಮನೆಗೆ ಒಂದು ಸಂಪರ್ಕ, ಒಂದು ಚಂದಾ ಎಂದು ಲೆಕ್ಕ ಹಾಕುವಾಗ ಈ ಖೋಲಿಗಳು ಅವರ ಕಣ್ಣಿಗೆ ಬಿದ್ದದ್ದಿಲ್ಲ. ನಲವತ್ತು ವರ್ಷಗಳಲ್ಲಿ ಫುಟ್‌ಬಾಲ್ ಇಲ್ಲಿಗೆ ಬಂದದ್ದು, ಹೋದದ್ದು, ಮತ್ತೆ ಬಂದದ್ದು ಎಲ್ಲ ಆ ಲೆಕ್ಕದ ಸಂದಿಯಲ್ಲೇ.

ಫುಟ್‌ಬಾಲ್ ಯಾಕೆ, ಕ್ರಿಕೆಟ್ ಸಾಲದೆ ಎನ್ನುವವರಿಗೆ ಒಂದು ಮಾತು. ಇಲ್ಲಿಗೆ ದುಡಿಯಲು ಬಂದವರಲ್ಲಿ ಕಾಸರಗೋಡು, ಉಪ್ಪಳ, ಮಂಜೇಶ್ವರ, ಮಂಗಳೂರು ಕಡೆಯವರು ಕಡಿಮೆಯೇನಲ್ಲ. ಕೊಯ್ಲಾದ ಗದ್ದೆಯಲ್ಲಿ ಚೆಂಡು ಒದ್ದು ಬೆಳೆದ ಹುಡುಗರು ಅವರು. ಮುಂಬೈಯೂ ಫುಟ್‌ಬಾಲಿಗೆ ಹೊಸ ಊರಲ್ಲ. 1891ರಲ್ಲಿ ಶುರುವಾದ ಇಲ್ಲಿನ ರೋವರ್ಸ್ ಕಪ್ಪನ್ನು ದಶಕಗಳ ಕಾಲ ಬ್ರಿಟಿಷ್ ಸೈನ್ಯದ ತಂಡಗಳೇ ಹೊತ್ತುಕೊಂಡು ಹೋಗುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರ್ ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಊರಿನಲ್ಲಿ ಇದು ಎಷ್ಟು ಮಂದಿಗೆ ನೆನಪಿದೆಯೋ!

ಮುಂಬೈ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಆದರೆ ಹೋಟೆಲ್ ಹುಡುಗರ ಬಾಯಲ್ಲಿ ಫುಟ್‌ಬಾಲಿನ ಟಿ.ವಿ. ಇತಿಹಾಸ ಶುರುವಾಗುವುದು 1986ರ ಮೆಕ್ಸಿಕೊ ವಿಶ್ವಕಪ್ಪಿನಿಂದ. ಕಾರಣ ಬಹಳ ಸಾದಾ. ಮೆಕ್ಸಿಕೊದಲ್ಲಿ ನಡುಮಧ್ಯಾಹ್ನ ಹನ್ನೆರಡಕ್ಕೆ ಆಟ ಶುರುವಾದರೆ ಇಲ್ಲಿ ರಾತ್ರಿ ಹನ್ನೊಂದೂವರೆ. ಷಟರ್ ಅರ್ಧ ಎಳೆದು, ನೆಲ ತೊಳೆದು, ಊಟಕ್ಕೆ ಕೂರುವ ಹೊತ್ತು. ಜೂನ್ 22ರ ಅರ್ಜೆಂಟೀನ-ಇಂಗ್ಲೆಂಡ್ ಪಂದ್ಯ ಆ ಹೊತ್ತಿನದೇ. ಮರಡೋನ 51ನೇ ನಿಮಿಷದಲ್ಲಿ ಕೈಯಿಂದ ಒಂದು ಗೋಲು, ನಾಲ್ಕೇ ನಿಮಿಷ ಬಿಟ್ಟು ಅರ್ಧ ಮೈದಾನ ಓಡಿ ಇನ್ನೊಂದು ಹೊಡೆದಾಗ ಮುಂಬೈಯ ಎಷ್ಟು ಹೋಟೆಲುಗಳ ಗಲ್ಲಾದ ಮೇಲಿನ ಟಿ.ವಿ. ಉರಿಯುತ್ತಿತ್ತೋ. ಹೊರಗೆ ಜೂನ್ ತಿಂಗಳ ಮಳೆ. ಗಾಳಿಗೆ ಆಂಟೆನಾ ತಿರುಗಿದರೆ ಆಟಗಾರರೆಲ್ಲ ಜೋಡಿಜೋಡಿಯಾಗಿ ಕಾಣುತ್ತಿದ್ದರು. ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಕೆಳಗಿನವರು "ಆಯ್ತು, ಆಯ್ತು, ಇಲ್ಲ ಹೋಯ್ತು ಮಾರಾಯ!" ಎಂದು ಕೂಗುವುದು. ಹಕ್ಕು, ಚಂದಾ ಎಂಬ ಮಾತೇ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಸರ್ಕಾರ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತೋರಿಸಿದ್ದನ್ನು ಮಾತ್ರ ಎಷ್ಟು ಮಂದಿ ಕೂತು ನೋಡಿದರೂ ಕೇಳುವವರಿರಲಿಲ್ಲ.

1991ರಲ್ಲಿ ಸ್ಟಾರ್ ಟಿ.ವಿ. ಆಕಾಶದಿಂದ ಇಳಿಯಿತು. ಅದರ ಹಿಂದೆಯೇ ಕೇಬಲ್‌ವಾಲಾ ಬಂದ. 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ತೀರ್ಪು ಕೊಟ್ಟಿತು. ಜಗಳ ಕ್ರಿಕೆಟಿನದು, ಬಾಗಿಲು ತೆರೆದದ್ದು ಎಲ್ಲ ಆಟಗಳಿಗೆ. ಮರುವರ್ಷ ಇ.ಎಸ್.ಪಿ.ಎನ್. ಮತ್ತು ಸ್ಟಾರ್ ಸ್ಪೋರ್ಟ್ಸ್ ಕೈಜೋಡಿಸಿದವು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪ್ರತಿ ವಾರ ಮುಂಬೈಯ ಚಾಳಿಗೆ ಬರತೊಡಗಿದ್ದು ಹಾಗೆ. ಇಂಗ್ಲಿಷ್ ಓದಲು ಬಾರದ ಹುಡುಗರೂ ಲಿವರ್‌ಪೂಲಿನ ಹನ್ನೊಂದು ಮಂದಿಯ ಹೆಸರನ್ನು ತಪ್ಪಿಲ್ಲದೆ ಹೇಳತೊಡಗಿದರು.

ಕೇಬಲ್‌ವಾಲಾನ ಬಗ್ಗೆ ನಾಲ್ಕು ಮಾತು ಹೆಚ್ಚು ಬರೆದರೂ ತಪ್ಪಿಲ್ಲ. ಗಚ್ಚಿಯ ಮೇಲೆ ಒಂದು ದೊಡ್ಡ ಬಟ್ಟಲು, ಅಲ್ಲಿಂದ ಕಟ್ಟಡದಿಂದ ಕಟ್ಟಡಕ್ಕೆ, ಕೆಲವೊಮ್ಮೆ ಮರದ ಕೊಂಬೆಗೆ ಸುತ್ತಿ ಎಳೆದ ಕಪ್ಪು ತಂತಿ. ತಿಂಗಳ ಮೊದಲ ವಾರ ವಸೂಲಿಗೆ ಬರುವ ಹುಡುಗನಿಗೆ ಚಾ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ಒಂದು ಖೋಲಿಗೆ ಬಂದ ತಂತಿಯನ್ನು ಸೀಳಿ ಪಕ್ಕದ ಎರಡು ಖೋಲಿಗೆ ಕೊಡುವುದು ಸಾಮಾನ್ಯ. ಅವನಿಗೂ ಗೊತ್ತು, ನಮಗೂ ಗೊತ್ತು. ಅವನೇನು ಸತ್ಯಹರಿಶ್ಚಂದ್ರನೇ? ನೂರು ಮನೆಗೆ ಕೊಟ್ಟು ಚಾನೆಲಿನವರಿಗೆ ಇಪ್ಪತ್ತೋ ಮೂವತ್ತೋ ಲೆಕ್ಕ ತೋರಿಸುತ್ತಾನೆಂಬುದು ಆ ಕಾಲದ ಚಾನೆಲುಗಳೆಲ್ಲದರ ದೂರು. ನನ್ನನ್ನು ಕೇಳಿದರೆ, ಆ ಸುಳ್ಳು ಲೆಕ್ಕದ ನೆರಳಿನಲ್ಲೇ ಬಡವರು ಹತ್ತಿಪ್ಪತ್ತು ವರ್ಷ ಫುಟ್‌ಬಾಲ್ ನೋಡಿದರು. ಅದನ್ನು ಸರಿ ಎನ್ನಲಾರೆ. ಆದರೆ ನಡೆದದ್ದು ಹೌದು.

2002ರಲ್ಲಿ ಗಡಿಯಾರವೇ ಕೈಕೊಟ್ಟಿತು. ಕೊರಿಯಾ-ಜಪಾನಿನ ಪಂದ್ಯಗಳು ಇಲ್ಲಿ ಮಧ್ಯಾಹ್ನ ಹನ್ನೆರಡು, ಎರಡೂವರೆ, ಸಂಜೆ ಐದಕ್ಕೆ; ಅಂದರೆ ಥಾಲಿ ಊಟದ ಗಡಿಬಿಡಿಯಲ್ಲಿ ಒಂದು, ಸಂಜೆಯ ದೋಸೆಯ ಹೊತ್ತಿಗೆ ಇನ್ನೊಂದು. ಅದೇ ವರ್ಷ ಹೊಸದಾಗಿ ಹುಟ್ಟಿದ ಟೆನ್ ಸ್ಪೋರ್ಟ್ಸ್ ವಿಶ್ವಕಪ್ಪಿನ ಹಕ್ಕು ಹಿಡಿದುಕೊಂಡೇ ಬಂದಿತ್ತು. ಆಟ ಯಾವ ಚಾನೆಲಿನಲ್ಲಿ ಎಂದು ಕೇಳಿಕೊಂಡು ಟಿ.ವಿ. ಹಚ್ಚುವ ಅಭ್ಯಾಸ ನಮ್ಮಲ್ಲಿ ಬೇರೂರಿದ್ದು ಆಗಲೇ.

2007ರ ಜನವರಿಯಿಂದ ದಕ್ಷಿಣ ಮುಂಬೈಯಲ್ಲಿ ಸೆಟ್‌ಟಾಪ್ ಬಾಕ್ಸಿನ ನಿಯಮ ಬಂತು. ಉಚಿತ ಚಾನೆಲುಗಳಿಗೆ ₹77, ಹಣದ ಚಾನೆಲ್ ಒಂದಕ್ಕೆ ಹೆಚ್ಚೆಂದರೆ ₹5, ತೆರಿಗೆ ಬೇರೆ. ಉಪನಗರಗಳಲ್ಲಿ ಮಾತ್ರ ಹಳೆಯ ತಂತಿಯೇ. ಒಂದೇ ಊರಿನಲ್ಲಿ ಎರಡು ಕಾನೂನು! ಫೋರ್ಟಿನಲ್ಲಿ ಕೆಲಸ ಮಾಡಿ ಕುರ್ಲಾದಲ್ಲಿ ಮಲಗುವವನಿಗೆ ರೈಲಿನಲ್ಲಿ ಈ ಗಡಿ ಎಲ್ಲಿ ದಾಟುತ್ತದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ 2012ರ ಅಕ್ಟೋಬರ್ 31ಕ್ಕೆ ಇಡೀ ಮುಂಬೈಗೆ, 2013ರ ಮಾರ್ಚ್ 31ರ ಗಡುವಿನೊಂದಿಗೆ ಠಾಣೆ, ನವಿ ಮುಂಬೈ, ಕಲ್ಯಾಣ-ಡೊಂಬಿವಲಿಗೆ ಡಿಜಿಟಲ್ ಕಡ್ಡಾಯವಾಯಿತು. ಪ್ರತಿ ಟಿ.ವಿ.ಗೂ ಒಂದು ಪೆಟ್ಟಿಗೆ, ಪೆಟ್ಟಿಗೆಗೊಂದು ನಂಬರು. ತಂತಿ ಸೀಳಿ ಹಂಚಿಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು. ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಯಿತು, ಅದನ್ನು ಒಪ್ಪಲೇಬೇಕು.

ದೂರದರ್ಶನ ಇತ್ತಲ್ಲ, ಅಂತ ನೀವು ಕೇಳಬಹುದು. 2007ರ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಹಕ್ಕು ಕೊಂಡವರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ಪಡೆದದ್ದನ್ನು ದೂರದರ್ಶನ ತನ್ನ ಆಂಟೆನಾ ಮತ್ತು ಸ್ವಂತ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಕೇಬಲಿಗೆ ಕೊಡುವಂತಿಲ್ಲ ಎಂದಿತು. ಆಂಟೆನಾವನ್ನು ನಾವು ಯಾವಾಗಲೋ ಗುಜರಿಗೆ ಹಾಕಿದ್ದೆವು. ಬಾಡಿಗೆ ಖೋಲಿಯ ಕಿಟಕಿಗೆ ಡಿಶ್ ಕಟ್ಟಲು ಮಾಲೀಕ ಬಿಡಬೇಕಲ್ಲ!

2019ರಲ್ಲಿ ಇನ್ನೊಂದು ನಿಯಮ. ಫೆಬ್ರವರಿ 1ರಿಂದ, ಬೇಕಾದ ಚಾನೆಲುಗಳನ್ನು ಒಂದೊಂದಾಗಿ ಆರಿಸಿ ಹಣ ಕೊಡಬೇಕು. ಮೊದಲ ನೂರು ಚಾನೆಲಿನ ಸಂಪರ್ಕಕ್ಕೆ ₹130, ತೆರಿಗೆ ಸೇರಿ ₹153. ಆಟದ ಮುಖ್ಯ ಚಾನೆಲುಗಳು ₹19ರಂತೆ ಮೇಲಿಂದ. ಆರಿಸುವ ಗಡುವನ್ನು ಮಾರ್ಚ್ 31ರವರೆಗೆ ಮುಂದೂಡಿದರು. ಖೋಲಿಗಳಲ್ಲಿ ಜಗಳವೋ ಜಗಳ. ತಮಿಳಿನವನಿಗೆ ಅವನ ಧಾರಾವಾಹಿ, ಭೋಜ್‌ಪುರಿಯವನಿಗೆ ಅವನ ಹಾಡು, ನಮಗೆ ಕನ್ನಡ. 2017-18ರ ಇಂಡಿಯನ್ ಸೂಪರ್ ಲೀಗನ್ನು ಸುವರ್ಣ ಪ್ಲಸ್ ಕನ್ನಡದ ವಿವರಣೆಯೊಂದಿಗೆ ತೋರಿಸಿತ್ತು. ಫುಟ್‌ಬಾಲನ್ನು ನಮ್ಮ ಭಾಷೆಯಲ್ಲಿ ಕೇಳುವ ಸುಖ ಹೊರನಾಡಿನವರಿಗೆ ಎಷ್ಟೆಂದು ಊರಿನಲ್ಲಿ ಕೂತವರಿಗೆ ಸುಲಭಕ್ಕೆ ಅರ್ಥವಾಗದು. ಬೆಂಗಳೂರಿನಲ್ಲಿ ತಾನಾಗಿ ಬರುವ ಕನ್ನಡ ಚಾನೆಲು ಇಲ್ಲಿ ಪಟ್ಟಿ ಹುಡುಕಿ ಗುರುತು ಹಾಕಿದರೆ ಮಾತ್ರ ಬರುವಂಥದು.

ಈ ಗೊಂದಲದ ನಡುವೆಯೇ ಮಾರ್ಚ್ 17ರಂದು ಆ ಲೀಗಿನ ಫೈನಲ್ ನಮ್ಮ ಅಂಧೇರಿಯಲ್ಲಿ ನಡೆಯಿತು. ಬೆಂಗಳೂರು ಎಫ್‌ಸಿ, ಎದುರಿಗೆ ಗೋವಾ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿಗೆ ಬೆಂಗಳೂರು ಗೆದ್ದಿತು. ಭೇಕೆ ಮುಂಬೈಯ ಹುಡುಗ. ನಮ್ಮ ಊರಿಗೆ ಕಪ್ ಗೆದ್ದುಕೊಟ್ಟವನು ಈ ಊರಿನವನು. ಹೊರನಾಡ ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ಫಲಿತಾಂಶ ಬೇಕೆ? ಅಂಧೇರಿಯಿಂದ ಎರಡು ಸ್ಟೇಷನ್ ಆಚೆಯ ಖೋಲಿಗಳಲ್ಲಿ ಅದನ್ನು ನೋಡಲು ಮಾತ್ರ ಸರಿಯಾದ ಪಟ್ಟಿಗೆ ಸರಿಯಾದ ಗುರುತು ಬಿದ್ದಿರಬೇಕಿತ್ತು.

ಅಷ್ಟರಲ್ಲಿ ಆಟ ಟಿ.ವಿ. ಬಿಟ್ಟು ಫೋನಿಗೆ ಹೊರಟಿತ್ತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2018ರಿಂದ ಮೂರು ಸಾಲು ಸ್ಪೇನಿನ ಲಾಲಿಗಾ ಪಂದ್ಯಗಳು ಫೇಸ್‌ಬುಕ್ಕಿನಲ್ಲಿ ಬಿಟ್ಟಿ. ಹೋಟೆಲಿನ ಅಟ್ಟದ ಮೇಲೆ ಮಲಗಿ, ಕಿವಿಗೆ ವಯರು ಸಿಕ್ಕಿಸಿ, ಹುಡುಗರು ಮೆಸ್ಸಿಯನ್ನು ನೋಡಿದರು. 2021ರಲ್ಲಿ ಮೆಸ್ಸಿ ಪ್ಯಾರಿಸ್‌ಗೆ ಹೋದ; ಫ್ರೆಂಚ್ ಲೀಗಿನ ಹಕ್ಕು ವಯಾಕಾಮ್18 ಬಳಿ. 2023ರಲ್ಲಿ ಮಿಯಾಮಿಗೆ ಹೋದ. ಅಲ್ಲಿಯ ಲೀಗು ಆ್ಯಪಲ್ಲಿನ ಪಾಲು. ಒಬ್ಬ ಆಟಗಾರನ ಬೆನ್ನು ಹತ್ತಲು ಐದು ವರ್ಷದಲ್ಲಿ ಮೂರು ಅಂಗಡಿ ಸುತ್ತಬೇಕಾಯಿತು. ನಡುವೆ 2022ರ ವಿಶ್ವಕಪ್ಪನ್ನು ಜಿಯೊಸಿನಿಮಾ ಉಚಿತವಾಗಿ ಕೊಟ್ಟಿತು. ಮೊದಲ ದಿನ ಚಿತ್ರ ನಿಂತುನಿಂತು ಬಂದು ದೇಶವೆಲ್ಲ ಬೈದರೂ, ಡಿಸೆಂಬರ್ 18ರ ಫೈನಲಿನ ಹೊತ್ತಿಗೆ ಸುಧಾರಿಸಿತ್ತು. 2024ರ ನವೆಂಬರಿನಲ್ಲಿ ಸ್ಟಾರ್ ಮತ್ತು ವಯಾಕಾಮ್18 ಒಂದಾದವು. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ದೇಶದ ಲೀಗಿನ ಹಕ್ಕನ್ನು ಟೆಂಡರಿಗಿಟ್ಟರೆ ಒಬ್ಬರೂ ಬಿಡ್ ಹಾಕಲಿಲ್ಲ.

ಭಾಂಡುಪಿನ ಒಂದು ಖೋಲಿಯಲ್ಲಿ ಈಚೆಗೆ ಕಂಡದ್ದು ಇಷ್ಟು. ಏಳು ಮಂದಿ, ಆ್ಯಪಿಗೆ ಒಬ್ಬನ ಚಂದಾ, ಪಾಸ್‌ವರ್ಡು ಎಲ್ಲರದು. ಹಣವನ್ನು ತಿಂಗಳಿಗೊಬ್ಬರಂತೆ, ಗ್ಯಾಸ್ ಸಿಲಿಂಡರಿನ ಪಾಳಿಯ ಜೊತೆಗೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಪಕ್ಕದ ಖೋಲಿಯಲ್ಲಿ ಕೇಬಲ್ ಟಿ.ವಿ. ಇದೆ. ಅಲ್ಲಿ ಗೋಲಿನ ಕೂಗು ಮೊದಲು ಏಳುತ್ತದೆ. ಇವರ ಫೋನಿಗೆ ಅದು ಬರಲು ಇನ್ನೂ ಅರ್ಧ ನಿಮಿಷ ಬೇಕು. "ಯಾರು ಹೊಡೆದದ್ದು ಮಾರಾಯ್ರೆ, ಹೇಳಬೇಡಿ, ಹೇಳಬೇಡಿ" ಎಂದು ಇವರು ಗೋಡೆ ಬಡಿಯುತ್ತಾರೆ.