ಪದಾಂಧತೆಯ ಇತಿಹಾಸವೂ ನಮ್ಮ ಅಕ್ಷರಾಭ್ಯಾಸವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹಳ್ಳಿಗಳಲ್ಲಾಗಲಿ, ನಾಡಿನ ಇನ್ನಾವ ಹೋಬಳಿಯಲ್ಲಾಗಲಿ, ಉಪಾಧ್ಯಾಯರಿಗೆ ಒಗಟಾಗಿ ತೋರುವ ಬಾಲಕರು ಒಬ್ಬಿಬ್ಬರಾದರೂ ಇರುವುದುಂಟು. ಅಂತಹವನು ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುವನು. ಒಮ್ಮೆ ಕೇಳಿದ ಕಥೆಯನ್ನು ಮರೆಯದೆ ಹೇಳುವನು. ಸಂತೆಯ ಲೆಕ್ಕದಲ್ಲಿ ಹಿರಿಯರನ್ನೂ ಮೀರಿಸುವನು. ಆದರೆ ಪುಸ್ತಕವನ್ನು ಕೈಗಿತ್ತೊಡನೆಯೇ ಅವನ ನಾಲಗೆ ತೊಡರುವುದು. ಪಕಾರ ಷಕಾರಗಳು ಒಂದಾಗಿ ಕಾಣುವುವು. ಒತ್ತಕ್ಷರವು ತನ್ನ ಸ್ಥಾನವನ್ನು ಬಿಟ್ಟು ಪಕ್ಕದ ಅಕ್ಷರವನ್ನು ಸೇರುವುದು. ಇವರಲ್ಲಿ ಕೆಲವರು ಬಲಗೈಯಿಂದ ಬರೆದರೂ ಕಲ್ಲೆಸೆಯುವಾಗ ಎಡಗೈಯನ್ನೇ ಎತ್ತುವರು. ‘ದಡ್ಡ’ ಎಂಬ ಎರಡಕ್ಷರದಿಂದ ಲೋಕವು ಇವರ ವಿಚಾರವನ್ನು ಮುಗಿಸಿಬಿಡುವುದು. ಆ ತೀರ್ಪು ಎಷ್ಟು ಅನ್ಯಾಯವಾದುದೆಂಬುದನ್ನು ಇತಿಹಾಸವು ತೋರಿಸಿಕೊಡುವುದು.

ನಮ್ಮ ಪೂರ್ವಿಕರಲ್ಲಿ ವಿದ್ಯೆಯ ದ್ವಾರವು ಕಣ್ಣಲ್ಲ, ಕಿವಿ. ಪಾಣಿನೀಯ ಶಿಕ್ಷೆಯು ಅಧಮರಾದ ಆರು ಬಗೆಯ ಪಾಠಕರನ್ನು ಎಣಿಸುವಾಗ, ಬರೆದುದನ್ನು ನೋಡಿ ಓದುವವನನ್ನೂ ಆ ಸಾಲಿನಲ್ಲಿ ಸೇರಿಸಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು, ಉದ್ದೇಶಪೂರ್ವಕವಾಗಿ ಓದದಿದ್ದರೂ ಕನ್ನಡ ನಾಡಿನ ಜನರು ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳಿದೆ. ಓದು ಬೇರೆ, ಬುದ್ಧಿ ಬೇರೆ ಎಂಬ ವಿವೇಕವು ನಮಗೆ ಹೊಸದಲ್ಲ. ಅಕ್ಷರಗಳು ಕಣ್ಣಿಗೆ ನಿಲ್ಲದ ಬಾಲಕನೂ ಆ ಕಾಲದಲ್ಲಿ ಕಿವಿಯ ಬಲದಿಂದಲೇ ವಿದ್ವಾಂಸನಾಗಬಹುದಾಗಿದ್ದಿತು.

ಕೂಲಿಮಠಗಳಲ್ಲಿಯೂ ಅಕ್ಷರಾಭ್ಯಾಸವು ಮರಳಿನ ಮೇಲೆ ನಡೆಯುತ್ತಿದ್ದಿತು. ಬಾಲಕನು ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ಅದರ ಧ್ವನಿಯನ್ನು ಗಟ್ಟಿಯಾಗಿ ಉಚ್ಚರಿಸುತ್ತ, ಅದನ್ನೇ ಕಣ್ಣಿನಿಂದ ನೋಡುತ್ತಿದ್ದನು. ಆ ಮಠಗಳನ್ನು ಅತಿಯಾಗಿ ಹೊಗಳುವುದೂ ಸಲ್ಲದು: ಕೋದಂಡದಂತಹ ಕ್ರೂರಶಿಕ್ಷೆ ಅಲ್ಲಿಯೇ ಇದ್ದಿತು, ಅವುಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿತು. ಇವುಗಳಿಂದಾದ ಉಪಕಾರವು ಅಪಾರವಾದುದು. ಆದರೆ ಮುದ್ರಿತ ಪುಸ್ತಕವೂ ಬರಹದ ಪರೀಕ್ಷೆಯೂ ಬುದ್ಧಿಯ ಅಳತೆಗೋಲಾದಂದಿನಿಂದ, ಹಿಂದೆ ಯಾರಿಗೂ ಕಾಣದಿದ್ದ ಕೊರತೆಯೊಂದು ಎಲ್ಲರ ಕಣ್ಣಿಗೂ ಬಿದ್ದಿತು.

ಪಾಶ್ಚಾತ್ಯ ದೇಶಗಳಲ್ಲಿ ಈ ಕೊರತೆಯನ್ನು ಮೊದಲು ಗುರುತಿಸಿದವರು ವೈದ್ಯರು. ಜರ್ಮನಿಯ ಕುಸ್ಮೌಲ್ ಎಂಬವರು 1877ರಲ್ಲಿ ಇದನ್ನು ಪದಾಂಧತೆ ಎಂದು ಕರೆದರು. 1887ರಲ್ಲಿ ನೇತ್ರವೈದ್ಯರಾದ ರುಡಾಲ್ಫ್ ಬರ್ಲಿನ್ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಬಳಸಿದರು. ಇವರು ಕಂಡುದು ಮೆದುಳಿಗೆ ಹಾನಿ ತಗುಲಿ ಓದನ್ನು ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಇಂತಹ ತೊಡಕಿರಬಹುದೆಂದು ತೋರಿಸಿದವರು ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್. ಅವರು 1896ರಲ್ಲಿ ಪರ್ಸಿ ಎಂಬ 14 ವರ್ಷದ ಬಾಲಕನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಆ ಚುರುಕು ಬಾಲಕನು ತನ್ನ ಹೆಸರನ್ನೇ ಅಕ್ಷರ ಪಲ್ಲಟಗೊಳಿಸಿ ಬರೆಯುತ್ತಿದ್ದನು. ಪಾಠವೆಲ್ಲವೂ ಬಾಯಿಂದಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಜಾಣನು ಇನ್ನೊಬ್ಬನಿರನೆಂದು ಅವನ ಉಪಾಧ್ಯಾಯರು ಹೇಳಿದರಂತೆ. ಪರ್ಸಿಯು ನಮ್ಮ ಹಳೆಯ ಪಾಠಶಾಲೆಯಲ್ಲಿ ಹುಟ್ಟಿದ್ದರೆ ಅವನ ಗತಿ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

1925ರಲ್ಲಿ ಅಮೆರಿಕಾದ ಸ್ಯಾಮ್ಯುಅಲ್ ಆರ್ಟನ್ ಇದಕ್ಕೊಂದು ಕಾರಣವನ್ನು ಊಹಿಸಿದರು. ಮೆದುಳಿನ ಎರಡು ಅರ್ಧಗೋಳಗಳಲ್ಲಿ ಒಂದು ಪ್ರಬಲವಾಗಿ ನಿಲ್ಲದೆ ಮಿಶ್ರಪ್ರಾಬಲ್ಯವುಂಟಾದರೆ, ಅಕ್ಷರದ ನೇರರೂಪವೂ ಕನ್ನಡಿಯ ರೂಪವೂ ಒಂದಕ್ಕೊಂದು ತೊಡರುವುವೆಂಬುದು ಅವರ ಮತ. ಇಂತಹ ಮಕ್ಕಳಲ್ಲಿ ಎಡಚರೂ ಎರಡು ಕೈ ಬಳಸುವವರೂ ಹೆಚ್ಚೆಂದು ಅವರು ಕಂಡಿದ್ದರು. ಮುಂದಿನ ಸಂಶೋಧನೆಯು ಈ ಊಹೆಯನ್ನು ಎತ್ತಿಹಿಡಿಯಲಿಲ್ಲ. ಪದವನ್ನು ಧ್ವನಿಗಳಾಗಿ ಬಿಡಿಸಿ ಅಕ್ಷರಕ್ಕೆ ಹೊಂದಿಸುವುದರಲ್ಲಿಯೇ ತೊಡಕಿನ ಮುಖ್ಯ ಮೂಲವಿದೆಯೆಂಬುದು ಇಂದು ಬಹುಜನ ವಿದ್ವಾಂಸರ ಅಭಿಪ್ರಾಯ; ಚೆನ್ನಾಗಿ ಓದುವ ಎಡಚರಿಗೂ ಕೊರತೆಯಿಲ್ಲ. ಅರ್ಜುನನಿಗೆ ಸವ್ಯಸಾಚಿ ಎಂಬುದು ಬಿರುದಾದ ನಾಡಿನಲ್ಲಿ, ಎಡಗೈಯಿಂದ ಬರೆವ ಮಗುವಿನ ಕೈಗೆ ಪೆಟ್ಟು ಬೀಳುತ್ತಿದ್ದುದು ವಿಪರ್ಯಾಸವಲ್ಲವೆ? ಆರ್ಟನ್ನರ ಕಾರಣವು ನಿಲ್ಲದಿದ್ದರೂ ಅವರ ಉಪಾಯವು ಉಳಿಯಿತು. ಅಕ್ಷರವನ್ನು ನೋಡುತ್ತ, ನುಡಿಯುತ್ತ, ಕೈಯಿಂದ ತಿದ್ದುತ್ತ ಕಲಿಯಬೇಕೆಂಬುದೇ ಆ ಉಪಾಯ. ಕೂಲಿಮಠದ ಮರಳು ಇದನ್ನಲ್ಲವೆ ಮಾಡುತ್ತಿದ್ದುದು!

ಕನ್ನಡದಲ್ಲಿ ಬರೆದಂತೆ ಓದುವುದರಿಂದ ನಮಗೆ ಈ ಬಾಧೆಯಿಲ್ಲವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಗುಣಿತ, ಒತ್ತಕ್ಷರಗಳು ಸೇರಿ ನಮ್ಮ ಲಿಪಿಯ ರೂಪಗಳು 400ನ್ನು ಮೀರುವುವು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದು. ಆದುದರಿಂದ ನಿಧಾನವಾಗಿ ಓದುವ ಪ್ರತಿಯೊಂದು ಮಗುವಿಗೂ ರೋಗದ ಹೆಸರನ್ನು ಅಂಟಿಸಬಾರದು. ದಡ್ಡತನದ ಹೆಸರನ್ನಂತೂ ಅಂಟಿಸಲೇಬಾರದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಮಕ್ಕಳ ಪರೀಕ್ಷೆಗೆ ಅನುಕೂಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗೀಕರಿಸಿದ 21 ಬಗೆಗಳಲ್ಲಿ ಕಲಿಕೆಯ ಈ ನ್ಯೂನತೆಯೂ ಸೇರಿರುವುದು.

ಕಾಯಿದೆ ಬಂದರೂ ಅದು ಹಳ್ಳಿಯ ಹಿಂದಿನ ಬೆಂಚನ್ನು ಮುಟ್ಟಬೇಕಾದರೆ ಉಪಾಧ್ಯಾಯನ ಕಣ್ಣು ತೆರೆದಿರಬೇಕು. ಮಗ್ಗಿ ಬಲ್ಲ, ಕಥೆ ಬಲ್ಲ ಬಾಲಕನು ಓದಲಾರದೆ ತಲೆತಗ್ಗಿಸಿ ನಿಂತಾಗ, ಬೆತ್ತವನ್ನು ಬದಿಗಿಟ್ಟು ಒಂದು ತಟ್ಟೆ ಮರಳನ್ನು ಅವನ ಮುಂದಿಡುವುದು ಯಾವ ಶಾಲೆಗೂ ಹೊರೆಯಾಗದು. ಓದು ತಡವಾಗಿ ಬಂದರೆ ನಷ್ಟ ಸ್ವಲ್ಪ. ತಾನು ದಡ್ಡನೆಂದು ಮಗುವೇ ನಂಬಿಬಿಟ್ಟರೆ ಆ ನಷ್ಟವನ್ನು ತುಂಬುವವರಾರು?