ಯಾರ ಕಂಠಕ್ಕೆ ಈ ಹಾಡು? ಕಥೋಲಿಕ ಆರಾಧನಾ ಗೀತೆಗಳ ಮರುರಚನೆಯ ಚರಿತ್ರೆ

ಕಥೋಲಿಕ ಧರ್ಮಸಭೆಯ ಬಲಿಪೂಜೆಯಲ್ಲಿ ಇಂದು ಕೇಳಿಬರುವ ಹಳೆಯ ಹಾಡುಗಳಲ್ಲಿ ಹೆಚ್ಚಿನವು ಹುಟ್ಟಿದ ರೂಪದಲ್ಲೇ ನಮ್ಮ ಕೈಸೇರಿದವಲ್ಲ. ಕೆಲವನ್ನು ಮೊಟಕುಗೊಳಿಸಲಾಗಿದೆ, ಕೆಲವಕ್ಕೆ ಪಲ್ಲವಿ ಸೇರಿಸಲಾಗಿದೆ, ಕೆಲವನ್ನು ಲ್ಯಾಟಿನ್‌ನಿಂದ ಜನರ ಭಾಷೆಗೆ ತರಲಾಗಿದೆ, ಇನ್ನು ಕೆಲವನ್ನು ಮಕ್ಕಳಿಗಾಗಿ ಹಗುರಗೊಳಿಸಲಾಗಿದೆ. ಈ ತಿದ್ದುಪಡಿಗಳ ಬಗ್ಗೆ ಬರೆಯುವವರಲ್ಲಿ ಎರಡು ಪಕ್ಷಗಳಿವೆ. ಹಳೆಯದರ ಸೊಬಗು ಕೆಟ್ಟಿತೆಂದು ಮರುಗುವವರು ಒಂದೆಡೆ, ಜನರಿಗೆ ಹಾಡು ದಕ್ಕಿತೆಂದು ಸಂತೋಷಪಡುವವರು ಇನ್ನೊಂದೆಡೆ. ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಎರಡೂ ಮಾತು ಅರೆಬರೆ ಎನಿಸುತ್ತದೆ. ತಿದ್ದಿದವರು ಯಾರ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ತಿದ್ದುವಾಗ ಮೂಲದ ಯಾವ ಎಳೆಯನ್ನು ಉಳಿಸಿಕೊಂಡರು ಎಂಬ ಎರಡು ಪ್ರಶ್ನೆಗಳೇ ಒಂದೊಂದು ಮರುರಚನೆಯ ಹಣೆಬರಹವನ್ನು ನಿರ್ಧರಿಸಿವೆ. ಈ ಲೇಖನದ ವಾದ ಇಷ್ಟೇ.

ಜನರೇ ಮಾಡಿಕೊಂಡ ಮೊದಲ ಮರುರಚನೆ

ಪಾಸ್ಖ ಹಬ್ಬದ ಪೂಜೆಯಲ್ಲಿ ಹಾಡುವ ‘ವಿಕ್ತಿಮೆ ಪಸ್ಕಾಲಿ’ ಎಂಬ ಲ್ಯಾಟಿನ್ ಗೀತೆಯನ್ನು 11ನೇ ಶತಮಾನದ ವಿಪೊ ಎಂಬ ಗುರುವಿನ ರಚನೆ ಎನ್ನುತ್ತಾರೆ. ಅದನ್ನು ಹಾಡುತ್ತಿದ್ದವರು ಲ್ಯಾಟಿನ್ ಬಲ್ಲ ಗುರುಗಳು ಮತ್ತು ಮಠದ ಗಾಯಕರು. ಜರ್ಮನ್ ಮಾತಾಡುವ ನಾಡುಗಳಲ್ಲಿ 12ನೇ ಶತಮಾನದ ಹೊತ್ತಿಗೆ ಇದೇ ಗೀತೆಯ ಸ್ವರದಿಂದ ‘ಕ್ರಿಸ್ಟ್ ಇಸ್ಟ್ ಎರ್‌ಸ್ಟಾಂಡನ್’ ಎಂಬ ಜನಭಾಷೆಯ ಹಾಡು ಹುಟ್ಟಿತು. ಗಾಯಕರು ಲ್ಯಾಟಿನ್ ಚರಣಗಳನ್ನು ಹಾಡುತ್ತಿದ್ದರೆ, ನಡುನಡುವೆ ನೆರೆದ ಜನ ತಮ್ಮ ಮಾತಿನಲ್ಲಿ ದನಿಗೂಡಿಸುತ್ತಿದ್ದರು.

ಎರಡರ ಆರಂಭವನ್ನು ನಮ್ಮ ಸ್ವರಗಳಲ್ಲಿ ಬರೆದು ನೋಡಿದರೆ ನಂಟು ಥಟ್ಟನೆ ಕಾಣುತ್ತದೆ. ಎರಡೂ ಖರಹರಪ್ರಿಯದ ಸ್ವರಸ್ಥಾನಗಳಿಗೆ ಹೊಂದುವ ಡೋರಿಯನ್ ಎಂಬ ಕ್ರಮದಲ್ಲಿವೆ. ಎರಡೂ ‘ಸ ನಿ ಸ ಗ ಮ’ ಎಂದೇ ಹೊರಡುತ್ತವೆ: ಆಧಾರ ಷಡ್ಜದಿಂದ ಮಂದ್ರ ನಿಷಾದಕ್ಕೆ ಇಳಿದು, ಮತ್ತೆ ಷಡ್ಜಕ್ಕೆ ಬಂದು, ರಿಷಭವನ್ನು ದಾಟಿ ಗಾಂಧಾರಕ್ಕೆ ಹಾರಿ ಮಧ್ಯಮವನ್ನು ಮುಟ್ಟುತ್ತವೆ. ಲ್ಯಾಟಿನ್ ಗೀತೆ ಮುಂದೆ ಹಲವು ಬಗೆಯ ಸಾಲುಗಳಲ್ಲಿ ಹರಡಿಕೊಳ್ಳುತ್ತದೆ. ಜನರ ಹಾಡು ಗಿಡ್ಡ ಸಾಲುಗಳಲ್ಲಿ ನಿಂತು, ಪ್ರತಿ ಚರಣದ ಕೊನೆಗೆ ‘ಕೀರಿಯೆ ಎಲೆಯಿಸೋನ್’ ಎಂಬ ಮೊರೆಗೆ ಬಂದು ಸೇರುತ್ತದೆ. ಅಕ್ಷರ ಬಾರದವನಿಗೂ ಆ ಮೊರೆ ಬಾಯಿಪಾಠವಾಗಿತ್ತು. ಹೀಗೆ ಸ್ವರದ ಬೀಜ ಉಳಿಯಿತು. ಭಾಷೆ, ಉದ್ದ, ಹಾಡುವವರು ಮೂರೂ ಬದಲಾದವು. ಜರ್ಮನ್ ಕಥೋಲಿಕರ ‘ಗೋಟ್ಟೆಸ್‌ಲೋಬ್’ ಗೀತಸಂಪುಟದಲ್ಲಿ ಈ ಹಾಡು ಇಂದಿಗೂ ಇದೆ.

ಪಂಡಿತರ ತಿದ್ದುಪಡಿ

ಟ್ರೆಂಟ್ ಮಹಾಸಭೆಯ (1545–63) ನಂತರ ತಿದ್ದುವ ಕೆಲಸ ರೋಮಿನ ಕೈಗೆ ಹೋಯಿತು. ಊರೂರಿಗೆ ಬೆಳೆದಿದ್ದ ‘ವಿಕ್ತಿಮೆ’ ಜಾತಿಯ ನೂರಾರು ಗೀತೆಗಳಲ್ಲಿ ನಾಲ್ಕನ್ನು ಮಾತ್ರ 1570ರ ಪೂಜಾಗ್ರಂಥ ಉಳಿಸಿಕೊಂಡಿತು. ಐದನೆಯದಾದ ‘ಸ್ತಾಬಾತ್ ಮಾತೆರ್’ ಸೇರಿದ್ದು 1727ರಲ್ಲಿ. ಉಳಿದ ‘ವಿಕ್ತಿಮೆ’ಯಿಂದಲೂ ಯೆಹೂದ್ಯರನ್ನು ಹೀಗಳೆಯುವ ಒಂದು ಚರಣ ಬಿದ್ದುಹೋಯಿತು. ಬಿಡುವುದು ಕೂಡ ಮರುರಚನೆಯ ಒಂದು ಬಗೆ, ಕೆಲವೊಮ್ಮೆ ಅದೇ ಒಳ್ಳೆಯ ಬಗೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಮುಂದಿನ ಎರಡು ಯತ್ನಗಳ ಕಥೆ ಬೇರೆ. ಪೂಜೆಯ ಪುರಾತನ ಲ್ಯಾಟಿನ್ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನದ ಸ್ವರಪುಸ್ತಕಗಳನ್ನು ತಿದ್ದುವ ಕೆಲಸವನ್ನು ಪೋಪ್ 13ನೇ ಗ್ರೆಗೊರಿ 1577ರಲ್ಲಿ ಸಂಗೀತಗಾರರಾದ ಪಾಲೆಸ್ತ್ರೀನನಿಗೂ ಜೋಯಿಲೊನಿಗೂ ವಹಿಸಿದರು. ಅವರಿಂದ ಅದು ಮುಗಿಯಲಿಲ್ಲ. ಕೊನೆಗೆ ಆನೇರಿಯೊ ಮತ್ತು ಸೊರಿಯಾನೊ ಸಿದ್ಧಪಡಿಸಿದ ಪುಸ್ತಕ 1614–15ರಲ್ಲಿ ರೋಮಿನ ಮೆದಿಚಿ ಮುದ್ರಣಾಲಯದಿಂದ ಹೊರಬಂತು. ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರಗಳು ಸುಳಿಯುತ್ತಿದ್ದ ಕಡೆಗಳಲ್ಲೆಲ್ಲ ಕತ್ತರಿ ಆಡಿತ್ತು. ಕತ್ತರಿಸಿದ್ದು ಜನರು ಹಾಡಲೆಂದಲ್ಲ, ಆ ಕಾಲದ ವಿದ್ವಾಂಸರ ಲ್ಯಾಟಿನ್ ಉಚ್ಚಾರದ ಕಲ್ಪನೆಗೆ ಅದು ಒಗ್ಗಲಿಲ್ಲವೆಂದು.

ಎರಡನೆಯದು ಪೋಪ್ 8ನೇ ಅರ್ಬನ್ ಅವರ ಕಾಲದ್ದು. ದೈನಂದಿನ ಪ್ರಾರ್ಥನೆಯ ಹಳೆಯ ಗೀತೆಗಳನ್ನು ಪ್ರಾಚೀನ ರೋಮನ್ ಕವಿಗಳ ಛಂದಸ್ಸಿಗೆ ಸರಿಹೊಂದಿಸಲು ನಾಲ್ವರು ಯೇಸುಸಭೆಯ ಗುರುಗಳು ಕುಳಿತರು. ತಿದ್ದಿದ ಪಾಠ 1632ರ ಪ್ರಾರ್ಥನಾಗ್ರಂಥದಲ್ಲಿ ಸೇರಿತು. ವ್ಯಾಕರಣವೇನೋ ನುಣುಪಾಯಿತು, ಆದರೆ ತಲೆಮಾರುಗಳಿಂದ ಹಾಡಿಕೊಂಡು ಬಂದವರ ನಾಲಿಗೆಗೆ ಅದು ಹತ್ತಲಿಲ್ಲ. ಬೆನೆಡಿಕ್ಟ್ ಮತ್ತು ದೊಮಿನಿಕ್ ಸಭೆಗಳವರು ಹಳೆಯ ಪಾಠವನ್ನು ಬಿಡಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಪ್ರಾರ್ಥನಾಗ್ರಂಥ ಹಳೆಯ ಪಾಠಗಳನ್ನೇ ಮರಳಿ ತಂದಿತು. ಮೆದಿಚಿ ಪುಸ್ತಕಕ್ಕೂ ಅದೇ ಗತಿ. 1833ರಲ್ಲಿ ಪುನಃ ಸ್ಥಾಪನೆಗೊಂಡ ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು ಒಂದೇ ಗೀತೆಯ 200ಕ್ಕೂ ಹೆಚ್ಚು ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಪ್ರಕಟಿಸಿ, ಯಾವುದು ಕೈಬಿಟ್ಟುಹೋಗಿತ್ತೆಂದು ತೋರಿಸಿದರು. 1908ರ ವ್ಯಾಟಿಕನ್ ಆವೃತ್ತಿಯಲ್ಲಿ ಹಸ್ತಪ್ರತಿಗಳ ಸ್ವರಗಳೇ ಮರಳಿ ಬಂದವು. ಹಾಡುವವರನ್ನು ಬಿಟ್ಟು ಓದುವವರಿಗಾಗಿ ಮಾಡಿದ ತಿದ್ದುಪಡಿ ಎಷ್ಟು ಅಧಿಕಾರದ ಬೆಂಬಲವಿದ್ದರೂ ಬೇರು ಬಿಡುವುದಿಲ್ಲ ಎಂಬುದನ್ನು ಈ ಎರಡು ಪ್ರಸಂಗಗಳು ಹೇಳುತ್ತವೆ.

ಇದಕ್ಕೆ ಎದುರಾಗಿ 18ನೇ ಶತಮಾನದ ಒಂದು ಉದಾಹರಣೆ ನಿಲ್ಲುತ್ತದೆ. ಸಿಲೇಸಿಯದ ಗುರು ಇಗ್ನಾಸ್ ಫ್ರಾನ್ಸ್ ‘ತೆ ದೇಯುಮ್’ ಎಂಬ ಪುರಾತನ ಸ್ತೋತ್ರವನ್ನು ಜರ್ಮನ್ ಚರಣಗಳಾಗಿ ಬರೆದರು. ಆಸ್ಟ್ರಿಯದ ಮಹಾರಾಣಿ ಮರಿಯ ತೆರೆಸಾ ಅವರ ಪ್ರೇರಣೆಯಿಂದ ವಿಯೆನ್ನದಲ್ಲಿ ಅಚ್ಚಾದ ಗೀತಸಂಪುಟದಲ್ಲಿ ಅದಕ್ಕೆ ರಾಗ ಸಿಕ್ಕಿತು. ಭಾಷೆಯೂ ರಾಗವೂ ಹೊಸದಾದರೂ ಮೂಲದ ಆಲೋಚನೆಯ ಸರಣಿ ಹಾಗೇ ಉಳಿಯಿತು: ದೇವದೂತರ ಸ್ತುತಿ, ಪ್ರೇಷಿತರ ಸಾಕ್ಷಿ, ಕೊನೆಗೆ ಕರುಣೆಯ ಬೇಡಿಕೆ. ಇಡೀ ಜನಸಮೂಹ ಒಂದೇ ಉಸಿರಿನಲ್ಲಿ ಎತ್ತಬಹುದಾದ ಈ ಹಾಡು ಬೇಗನೆ ಗಡಿಗಳನ್ನು ದಾಟಿ, ಇಂಗ್ಲಿಷಿನಲ್ಲೂ ಅಷ್ಟೇ ಜನಪ್ರಿಯವಾಯಿತು.

ಮಕ್ಕಳು ರಂಗಕ್ಕೆ ಬಂದ ಬಗೆ

ಮಕ್ಕಳ ಹಾಡಿನ ಪ್ರಶ್ನೆ ಗಂಭೀರವಾಗಿ ಎದ್ದದ್ದು 20ನೇ ಶತಮಾನದ ಆರಂಭದಲ್ಲಿ. ಅದಕ್ಕೆ ಪೋಪ್ 10ನೇ ಪಯಸ್ ಅವರ ಎರಡು ಆದೇಶಗಳು ಕಾರಣ. 1903ರ ನವೆಂಬರ್ 22ರಂದು ಹೊರಡಿಸಿದ ಸಂಗೀತ ಕುರಿತ ಆದೇಶದಲ್ಲಿ ಅವರು ಗ್ರೆಗೋರಿಯನ್ ಗಾಯನ ಮತ್ತೆ ಜನರ ಬಾಯಿಗೆ ಬರಬೇಕೆಂದರು. 1910ರಲ್ಲಿ ಪ್ರಥಮ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಹತ್ತು ಹನ್ನೆರಡು ವರ್ಷ ದಾಟುವ ತನಕ ಕಾಯಬೇಕಿದ್ದ ಮಕ್ಕಳು ಈಗ ಎರಡನೇ ತರಗತಿಯಲ್ಲೇ ಪೂಜೆಯಲ್ಲಿ ಪೂರ್ಣವಾಗಿ ಪಾಲ್ಗೊಳ್ಳುವವರಾದರು. ಪಾಲ್ಗೊಂಡ ಮೇಲೆ ಹಾಡಬೇಕಲ್ಲ?

ಈ ಸವಾಲನ್ನು ಎತ್ತಿಕೊಂಡವರು ಅಮೆರಿಕದ ಜಸ್ಟೀನ್ ವಾರ್ಡ್ (1879–1975). 1904ರಲ್ಲಿ ಕಥೋಲಿಕರಾದ ಅವರು, ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕದ ಶಿಕ್ಷಣತಜ್ಞ ಫಾದರ್ ಥಾಮಸ್ ಶೀಲ್ಡ್ಸ್ ಅವರ ಜೊತೆ ಸೇರಿ ಶಾಲೆಗಳಿಗೆ ಸಂಗೀತ ಪಾಠಕ್ರಮ ರೂಪಿಸಿದರು. 1916ರಲ್ಲಿ ನ್ಯೂಯಾರ್ಕಿನಲ್ಲಿ 10ನೇ ಪಯಸ್ ಹೆಸರಿನ ಸಂಗೀತಶಾಲೆ ಶುರುವಾಯಿತು. 1920ರಲ್ಲಿ ಅದೇ ನಗರದಲ್ಲಿ ನಡೆದ ಗ್ರೆಗೋರಿಯನ್ ಗಾಯನ ಸಮ್ಮೇಳನದಲ್ಲಿ ಸಾವಿರಾರು ಮಕ್ಕಳು ಲ್ಯಾಟಿನ್ ಪೂಜಾಗೀತೆಗಳನ್ನು ಹಾಡಿದರು. ಸೊಲೆಮ್ ಮಠದ ದೊಡ್ಡ ವಿದ್ವಾಂಸ ಮೊಕರೊ ಅಲ್ಲಿದ್ದರು.

ವಾರ್ಡ್ ತರಗತಿಯ ಕೆಲಸ ಹೀಗಿತ್ತು. ಮಕ್ಕಳ ಮುಂದೆ ಸ್ವರಲಿಪಿಯ ಗೆರೆಗಳಿರಲಿಲ್ಲ, 1ರಿಂದ 7ರವರೆಗಿನ ಅಂಕಿಗಳಿದ್ದವು. ಶಿಕ್ಷಕಿ ಹಲಗೆಯ ಮೇಲೆ ಅಂಕಿ ತೋರಿಸಿದಂತೆ ಮಕ್ಕಳು ಸ್ವರ ಎತ್ತುತ್ತಿದ್ದರು. ಸ್ವರ ಏರಿದಂತೆ ಕೈ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಹಾಡಿನ ಸಾಲು ಎಲ್ಲಿ ಎದ್ದು ಎಲ್ಲಿ ವಿಶ್ರಮಿಸುತ್ತದೆ ಎಂಬುದನ್ನು ತೋಳಿನ ಬೀಸಿನಲ್ಲೇ ಕಲಿಯುತ್ತಿದ್ದರು. ಪ್ರತಿದಿನವೂ ಸ್ವಲ್ಪ ಹೊತ್ತಿನ ಪಾಠ, ಕೂಗದ ಹಗುರ ದನಿ. ನಮ್ಮಲ್ಲಿ ಸರಳೆ ವರಸೆ ಮುಗಿಸಿದ ಮಗು ಗೀತೆಗೆ ಬರುವಂತೆ, ಆ ಮಕ್ಕಳು ಅಂಕಿಗಳಿಂದ ನೇರ ‘ಕೀರಿಯೆ’, ‘ಸಾಂಕ್ತುಸ್’ಗಳಿಗೆ ಬರುತ್ತಿದ್ದರು. ಹಾಡಿನ ಒಂದು ಸ್ವರವನ್ನೂ ವಾರ್ಡ್ ಮುಟ್ಟಲಿಲ್ಲ. ಹಾಡನ್ನು ಇಳಿಸುವ ಬದಲು ಮಗುವನ್ನು ಏರಿಸಬೇಕೆಂಬುದು ಅವರ ನಂಬಿಕೆ. ಆ ಪದ್ಧತಿ ಮುಂದೆ ಯುರೋಪಿನ ಹಲವು ದೇಶಗಳ ಶಾಲೆಗಳಿಗೂ ಹಬ್ಬಿತು. ಇದರ ಮಿತಿಯೂ ಸ್ಪಷ್ಟ: ತರಬೇತಾದ ಶಿಕ್ಷಕರೂ ದಿನನಿತ್ಯದ ಅಭ್ಯಾಸಕ್ಕೆ ಕಥೋಲಿಕ ಶಾಲೆಯೂ ಇದ್ದಲ್ಲಿ ಮಾತ್ರ ಇದು ನಡೆಯುತ್ತಿತ್ತು.

ಮಹಾಸಭೆಯ ನಂತರ: ಹಾಡನ್ನು ಹಗುರಗೊಳಿಸುವ ದಾರಿ

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಅಂಗೀಕರಿಸಿದ ದೈವಾರಾಧನೆಯ ಸಂವಿಧಾನದಲ್ಲಿ ಸಣ್ಣ ದೇವಾಲಯಗಳಿಗಾಗಿ ಸರಳ ಸ್ವರಗಳ ಪುಸ್ತಕವೊಂದು ಬೇಕೆಂಬ ಮಾತಿದೆ. ಅದರ ಫಲ 1967ರ ‘ಗ್ರಾದುವಾಲೆ ಸಿಂಪ್ಲೆಕ್ಸ್’. ಅದರ ಸಂಪಾದಕರು ಮೆದಿಚಿ ಪುಸ್ತಕದವರಂತೆ ದೊಡ್ಡ ಗೀತೆಗಳಿಗೆ ಕತ್ತರಿ ಹಾಕಲಿಲ್ಲ. ದೈನಂದಿನ ಪ್ರಾರ್ಥನೆಯಲ್ಲಿ ಮೊದಲೇ ಇದ್ದ, ಅಕ್ಷರಕ್ಕೊಂದೆರಡು ಸ್ವರದ ಪುಟ್ಟ ಸಾಲುಗಳನ್ನು ಆರಿಸಿ ಜನರ ಪಲ್ಲವಿಯಾಗಿಸಿ, ಅದರ ನಡುವೆ ಕೀರ್ತನೆಯ ಚರಣಗಳನ್ನು ಗಾಯಕರಿಗೆ ಕೊಟ್ಟರು. ಸಂಗೀತದ ದೃಷ್ಟಿಯಿಂದ ಇದು ಬಹಳ ವಿವೇಕದ ಕೆಲಸ. ಆದರೂ ಅದು ಹೆಚ್ಚು ಹರಡಲಿಲ್ಲ. ಅದೇ ವರ್ಷಗಳಲ್ಲಿ ಧರ್ಮಕೇಂದ್ರಗಳು ಲ್ಯಾಟಿನ್ನನ್ನೇ ಬಿಟ್ಟು ಜನಭಾಷೆಗೆ ಹೊರಳಿದ್ದವು. 1974ರಲ್ಲಿ ಪೋಪ್ 6ನೇ ಪೌಲ್ ಎಲ್ಲ ಧರ್ಮಾಧ್ಯಕ್ಷರಿಗೂ ಕಳುಹಿಸಿದ ‘ಯುಬಿಲಾತೆ ದೇಯೊ’ ಎಂಬ ಚಿಕ್ಕ ಸಂಕಲನ, ಪ್ರತಿಯೊಬ್ಬ ಭಕ್ತನೂ ಅರಿತಿರಬೇಕಾದ ಕನಿಷ್ಠ ಲ್ಯಾಟಿನ್ ಗೀತೆಗಳನ್ನಾದರೂ ಉಳಿಸಿಕೊಳ್ಳುವ ಯತ್ನ.

ಜನಭಾಷೆಯ ದಾರಿಯಲ್ಲಿ ಫ್ರಾನ್ಸಿನ ಯೇಸುಸಭೆಯ ಗುರು ಜೋಸೆಫ್ ಜೆಲಿನೊ (1920–2008) ಅವರದು ಮಹತ್ವದ ಹೆಜ್ಜೆ. 1953ರಿಂದ ಅವರು ಪ್ರಕಟಿಸಿದ ಕೀರ್ತನೆಗಳಲ್ಲಿ ಸಾಲಿನ ಅಕ್ಷರಗಳ ಸಂಖ್ಯೆ ಹೆಚ್ಚು ಕಡಿಮೆಯಾದರೂ ಒತ್ತು ಬೀಳುವ ಜಾಗಗಳು ಸಮನಾದ ಅಂತರದಲ್ಲಿ ಬರುತ್ತವೆ. ಗಾಯಕ ಕೀರ್ತನೆಯ ಪದ್ಯ ಹಾಡುತ್ತಾನೆ, ಜನ ಪಲ್ಲವಿ ಹಿಡಿಯುತ್ತಾರೆ. ತೆಜೆ ಎಂಬ ಸರ್ವಕ್ರೈಸ್ತ ಸನ್ಯಾಸಿ ಸಮುದಾಯಕ್ಕಾಗಿ ಕಥೋಲಿಕ ಆರ್ಗನ್ ವಾದಕ ಜಾಕ್ ಬೆರ್ಥಿಯೆ 1970ರ ದಶಕದಿಂದ ಮಾಡಿದ ಕೆಲಸವೂ ಇದಕ್ಕೆ ಹತ್ತಿರದ್ದು. ಪುರಾತನ ಗೀತೆಗಳ ಒಂದೇ ಸಾಲನ್ನು ಆರಿಸಿ, ಹೊಸ ಸ್ವರ ಕೊಟ್ಟು, ಹಲವು ದೇಶಗಳ ಯುವಜನ ಒಟ್ಟಿಗೆ ಮರಳಿ ಮರಳಿ ಹಾಡುವಂತೆ ಮಾಡಿದರು.

ಮಕ್ಕಳ ಮಟ್ಟಿಗೆ ನಿರ್ಣಾಯಕವಾದದ್ದು 1973ರ ನವೆಂಬರ್ 1ರ ‘ಮಕ್ಕಳೊಡನೆ ಬಲಿಪೂಜೆ’ ಮಾರ್ಗದರ್ಶಿ. ಹಾಡಿಗೆ ಮಕ್ಕಳ ಪೂಜೆಯಲ್ಲಿ ವಿಶೇಷ ಸ್ಥಾನವಿರಬೇಕೆಂದು ಅದು ಒತ್ತಿ ಹೇಳಿತು. ಗ್ಲೋರಿಯ, ವಿಶ್ವಾಸ ಸಂಗ್ರಹ, ಸಾಂಕ್ತುಸ್, ಆಗ್ನುಸ್ ದೇಯಿ, ಈ ನಾಲ್ಕಕ್ಕೂ ಅಧಿಕೃತ ಪಾಠಕ್ಕೆ ಪೂರ್ತಿ ಹೊಂದದ, ಆದರೆ ಅಧಿಕಾರಿಗಳ ಒಪ್ಪಿಗೆ ಪಡೆದ ಸರಳ ಗೇಯರೂಪಗಳನ್ನು ಬಳಸಬಹುದೆಂದಿತು. ಪೂಜೆಯ ಪಾಠದ ಒಂದಕ್ಷರವೂ ಬದಲಾಗದಂತೆ ಕಾವಲು ಕಾಯುತ್ತಿದ್ದ ಸಂಸ್ಥೆ ಮಕ್ಕಳಿಗಾಗಿ ಕೊಟ್ಟ ಈ ಸಡಿಲಿಕೆ ಸಾಮಾನ್ಯದ್ದಲ್ಲ. ಮರುವರ್ಷ ಬಂದ ಮಕ್ಕಳ ಮೂರು ಪರಮಪ್ರಸಾದ ಪ್ರಾರ್ಥನೆಗಳಲ್ಲಿ ಮಕ್ಕಳು ದನಿಗೂಡಿಸುವ ಘೋಷಗಳನ್ನು ಹೆಚ್ಚಿಸಲಾಯಿತು. ಬಾಲಕರನ್ನು ಸುಮ್ಮನೆ ಕೂರಿಸಿ ಹಿರಿಯರು ಹಾಡುವ ಕ್ರಮಕ್ಕೆ ಇದು ನೇರ ಉತ್ತರ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಈ ಪ್ರಯೋಗಕ್ಕೆ ಬೆಂಗಳೂರು ಮುಖ್ಯ ಕೇಂದ್ರವಾಯಿತು. ಫಾದರ್ ಡಿ. ಎಸ್. ಅಮಲೋರ್‌ಪವದಾಸ್ 1967ರಲ್ಲಿ ಇಲ್ಲಿ ಕಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರದಲ್ಲಿ ಭಜನೆ, ಆರತಿ, ದೀಪಗಳು ಪೂಜೆಗೆ ಹತ್ತಿರವಾದವು. ಕ್ರಿಸ್ತನ ಕಥೆಯನ್ನು ನಾಡಿನ ಧಾಟಿಯಲ್ಲಿ ಹಾಡುವ ಈ ಪ್ರಯೋಗದ ಬೇರು ಇನ್ನೂ ಹಿಂದಿನದು. ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಮರಾಠಿ ಓವಿಗಳಲ್ಲಿ ಬರೆದು 1616ರಲ್ಲಿ ಪ್ರಕಟಿಸಿದ ‘ಕ್ರಿಸ್ತಪುರಾಣ’ವನ್ನು ಜೋಸೆಫ್ ಎಲ್. ಸಲ್ಡಾನ 1907ರಲ್ಲಿ ಮಂಗಳೂರಿನಲ್ಲೇ ಸಂಪಾದಿಸಿ ಅಚ್ಚು ಹಾಕಿಸಿದರು.

ಕನ್ನಡದಲ್ಲಿ ಹಳೆಯ ಲ್ಯಾಟಿನ್ ಅಥವಾ ಯುರೋಪಿನ ರಾಗಕ್ಕೆ ಮಾತು ಕೂರಿಸುವವರಿಗೆ ಬೇರೆಯದೇ ತೊಡಕಿದೆ. ಆ ರಾಗಗಳು ಒತ್ತಿನ ಮೇಲೆ ನಿಂತವು. ನಮ್ಮ ಭಾಷೆ ಹ್ರಸ್ವ ದೀರ್ಘಗಳ ಮೇಲೆ. ರಾಗದ ನೀಳ ಸ್ವರದಡಿ ಹ್ರಸ್ವಾಕ್ಷರ ಸಿಕ್ಕಿಬಿದ್ದರೆ ‘ದೇವಸುತ’ ಎಂದು ಹಾಡಬೇಕಾದ ಮಗುವಿನ ಬಾಯಲ್ಲಿ ‘ದೇವಸೂತ’ ಬರುತ್ತದೆ. ಮಗು ಕೇಳಿದ್ದನ್ನೇ ಕಲಿಯುತ್ತದೆ, ಕಲಿತದ್ದನ್ನು ಬಾಳೆಲ್ಲ ಹಾಡುತ್ತದೆ. ಆದ್ದರಿಂದ ಇಲ್ಲಿ ರಾಗ ಮಾತಿಗೆ ಬಾಗಬೇಕೇ ಹೊರತು ಮಾತು ರಾಗಕ್ಕಲ್ಲ. ನಮ್ಮ ಭಜನೆಯ ಕಟ್ಟು, ಒಬ್ಬರು ಹೇಳಿಕೊಡುವುದು ಎಲ್ಲರೂ ಹಿಂಬಾಲಿಸುವುದು, ಪುಸ್ತಕವಿಲ್ಲದೆಯೂ ಮಕ್ಕಳನ್ನು ಹಿರಿಯರನ್ನು ಒಂದೇ ಸಾಲಿಗೆ ತರುತ್ತದೆ.

ಉಪಸಂಹಾರ

ಸುಮಾರು ಒಂಬತ್ತು ಶತಮಾನಗಳ ಈ ಚರಿತ್ರೆಯಲ್ಲಿ ಉಳಿದ ಮರುರಚನೆಗಳೆಲ್ಲ ಮೂಲದ ಒಂದು ಎಳೆಯನ್ನಾದರೂ ಬಿಗಿಯಾಗಿ ಹಿಡಿದಿವೆ. ಒಮ್ಮೆ ಅದು ಸ್ವರ, ಒಮ್ಮೆ ಮಾತು, ಒಮ್ಮೆ ಆಲೋಚನೆಯ ಸರಣಿ. ಬಿದ್ದುಹೋದವು ಹಾಡುವವರನ್ನೇ ಮರೆತು ರಚಿಸಿದವು. ವಾರ್ಡ್ ಅವರ ದಾರಿಯೂ 1973ರ ಮಾರ್ಗದರ್ಶಿಯ ದಾರಿಯೂ ವಿರುದ್ಧವೆಂದು ಕಾಣಬಹುದು. ನನ್ನ ದೃಷ್ಟಿಯಲ್ಲಿ ಅವು ಒಂದಕ್ಕೊಂದು ಬೇಕಾದವು. ಮಗುವಿಗೆ ಇಂದೇ ಹಾಡಲು ಸುಲಭದ ಪಲ್ಲವಿ ಬೇಕು, ನಾಳೆ ಬೆಳೆದು ಮುಟ್ಟಲು ಪೂರ್ಣ ಗೀತೆಯೂ ಬೇಕು. ಹಗುರಗೊಳಿಸಿದ ರೂಪವನ್ನಷ್ಟೇ ಕೊಟ್ಟು ಮೂಲವನ್ನು ಮರೆಸಿದರೆ ಮಗುವಿಗೆ ಅನ್ಯಾಯ. ಮೂಲವನ್ನಷ್ಟೇ ಹಿಡಿದು ಮಗುವನ್ನು ಸುಮ್ಮನಾಗಿಸಿದರೆ ಆರಾಧನೆಗೇ ಅನ್ಯಾಯ. ಧರ್ಮಕೇಂದ್ರದ ಗಾಯನ ವೃಂದವನ್ನು ನಡೆಸುವವರು ಹಳೆಯ ಹಾಡೊಂದನ್ನು ಕೈಗೆತ್ತಿಕೊಂಡಾಗ ಮೊದಲು ಜನರೊಡನೆ ಹಾಡಿ ನೋಡಲಿ, ಎಲ್ಲಿ ಉಸಿರು ಕಟ್ಟುತ್ತದೆಯೋ ಅಲ್ಲಿ ಮಾತ್ರ ತಿದ್ದಲಿ, ತಿದ್ದಿದ ಹಾಡಿನ ಪಕ್ಕದಲ್ಲೇ ಮೂಲವನ್ನೂ ಅಚ್ಚು ಹಾಕಲಿ.